ಬೇರೇನೂ ಸಿಗದಿದ್ದರೆ

ಸೇತುವೆಯ ನಡುಮಧ್ಯಕ್ಕೆ ಬಂದಾಗ ಸಿಗ್‌ಬ್ರಿಟ್‌ಗೆ ನಗು ಬಂತು. ನಗುವಂಥದ್ದೇನೂ ಆಗಿರಲಿಲ್ಲ. ಮಧ್ಯಾಹ್ನದ ಮೀಟಿಂಗಿನಲ್ಲಿ ಸಹೋದ್ಯೋಗಿ ಓಸ್ಟೆನ್ ಮಾಡಿದ ‘ತೇಪೆ’ ಎಂಬ ಉಪಕರಣವನ್ನು ಕಿತ್ತುಹಾಕುವವರಿದ್ದರು. ಅದಕ್ಕೆ ಕಾರಣ ತಾನೇ ಇರಬಹುದೆಂಬ ಗುಮಾನಿ ಬೆಳಿಗ್ಗೆ ಗಂಜಿ ಕುಡಿಯುವಾಗಿನಿಂದ ಅವಳ ಎದೆಯಲ್ಲಿ ಕೂತಿತ್ತು. ಆದರೆ ಮಾರ್ಚ್ ತಿಂಗಳ ಬಿಸಿಲು ಹೆಪ್ಪುಗಟ್ಟಿದ ಹೊಳೆಯ ಮೇಲೆ ಬಿದ್ದು ಮೇಲಕ್ಕೆ ಪುಟಿಯುತ್ತಿತ್ತು. ಇಡೀ ಊಮೆಯೊ ಪಟ್ಟಣ ಕಣ್ಣು ಕಿರಿದು ಮಾಡಿಕೊಂಡು ತಿರುಗಾಡುತ್ತಿತ್ತು. ಔಷಧಿ ಅಂಗಡಿಯ ಗೋಡೆಗೆ ಬೆನ್ನು ಕೊಟ್ಟು ಕೆಲವರು ಒಬ್ಬರ ಜೊತೆ ಒಬ್ಬರು ಮಾತಾಡದೆ, ಮುಖವನ್ನು ಸೂರ್ಯನಿಗೆ ಒಡ್ಡಿ ನಿಂತಿದ್ದರು. ಚಳಿಗಾಲವೆಲ್ಲ ಕತ್ತಲೆಯಲ್ಲಿದ್ದ ಮೈಗೆ ಇಷ್ಟು ಬೆಳಕು ಒಮ್ಮೆಲೇ ಬಿದ್ದರೆ ಅಮಲೇರುತ್ತದೆ. ತಪ್ಪು ಮಾಡಿದವರಿಗೂ ಏರುತ್ತದೆ. ಸಿಗ್‌ಬ್ರಿಟ್ ಕೈಗವಸು ಕಳಚಿ ಸೇತುವೆಯ ಕಂಬಿ ಮುಟ್ಟಿದಳು, ತಣ್ಣಗೆ ಕಚ್ಚಿತು, ಮತ್ತೆ ನಗು ಬಂತು. ಇಷ್ಟು ವರ್ಷ ಬರೆದೂ ಬರೆದೂ ಕೊನೆಗೆ ತನಗೆ ಒಬ್ಬ ಓದುಗ ಸಿಕ್ಕಿದ್ದಾನೆ, ಅವನು ಮನುಷ್ಯನಲ್ಲ ಎನ್ನುವುದೊಂದು ಬಿಟ್ಟರೆ ಅವನಲ್ಲಿ ಯಾವ ಕೊರತೆಯೂ ಇಲ್ಲ. ಹಿಮ ಎಸೆಯುವ ಯಂತ್ರಕ್ಕೆ ಅವಳು ಕೈಪಿಡಿ ಬರೆದಿದ್ದಳು, ಹಾಲು ತಣಿಸುವ ತೊಟ್ಟಿಗೆ ಬರೆದಿದ್ದಳು, ಆಸ್ಪತ್ರೆಯ ಏರಿಳಿಯುವ ಮಂಚಕ್ಕೆ ಬರೆದಿದ್ದಳು. ಅವುಗಳನ್ನು ಯಾರೂ ಓದಲಿಲ್ಲ. ಹಿಮ ಎಸೆಯುವ ಯಂತ್ರದ ಕೈಪಿಡಿಯನ್ನು ಸ್ವಂತ ಭಾವನೇ ಮೇಜಿನ ಕುಂಟುಕಾಲಿನ ಕೆಳಗೆ ಇಟ್ಟಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು, ಆ ಮೇಜಿನ ಮೇಲೆಯೇ ಕಾಫಿ ಕುಡಿದು ಬಂದಿದ್ದಳು.

ಈಗಿನ ಕಂಪನಿ ಮಾಡುವುದು ಟಿಪ್ಪಣಿ ಬರೆದಿಡುವ ಒಂದು ತಂತ್ರಾಂಶ. ಬೇಟೆ ಸಂಘದವರು, ದೋಣಿ ಕಟ್ಟೆಯವರು, ಚರ್ಚಿನ ಹಾಡುಗಾರರು, ಊರೂರಿನ ರೊಟ್ಟಿಮನೆಯವರು ತಮ್ಮ ತಮ್ಮ ಸರದಿ, ನಿಯಮ, ಜಗಳ ಎಲ್ಲವನ್ನೂ ಅದರಲ್ಲಿ ಬರೆದಿಡುತ್ತಾರೆ. ಚಳಿಗಾಲದ ಶುರುವಿನಿಂದ ಆ ಟಿಪ್ಪಣಿಗಳನ್ನು ಜನರ ಪರವಾಗಿ ತಿದ್ದಲು ಕೃತಕ ಬುದ್ಧಿಯ ಏಜೆಂಟ್ ಒಂದನ್ನು ಕೂರಿಸಿದ್ದರು. ಅದಕ್ಕೆ ಸ್ವಂತ ಕೈಯಿಲ್ಲ. ಕಂಪನಿಯವರು ಕೊಟ್ಟ ಉಪಕರಣಗಳೇ ಅದರ ಕೈ. ಟಿಪ್ಪಣಿ ಓದುವುದಕ್ಕೆ ಒಂದು, ಹೊಸ ಟಿಪ್ಪಣಿ ಶುರು ಮಾಡುವುದಕ್ಕೆ ಒಂದು, ಇಡೀ ಟಿಪ್ಪಣಿಯನ್ನು ಮೊದಲಿನಿಂದ ಕೊನೆಯವರೆಗೆ ಹೊಸದಾಗಿ ಬರೆಯುವುದಕ್ಕೆ ಮರುಬರಹ ಎಂಬುದೊಂದು, ಟಿಪ್ಪಣಿಯ ಒಂದೇ ಒಂದು ಜಾಗವನ್ನು ಬದಲಿಸಿ ಉಳಿದದ್ದನ್ನು ಮುಟ್ಟದೆ ಬಿಡುವುದಕ್ಕೆ ತೇಪೆ ಎಂಬುದೊಂದು. ಯಾವುದನ್ನು ಯಾವಾಗ ಎತ್ತಿಕೊಳ್ಳಬೇಕೆಂದು ಏಜೆಂಟಿಗೆ ಗೊತ್ತಾಗುವುದು ಆಯಾ ಉಪಕರಣಕ್ಕೆ ಹಚ್ಚಿದ ವಿವರಣೆಯಿಂದ. ಆ ವಿವರಣೆ ಬರೆಯುವವಳು ಸಿಗ್‌ಬ್ರಿಟ್. ಮರುಬರಹದ್ದೊಂದನ್ನು ಮಾತ್ರ ಮುಖ್ಯಸ್ಥ ಹಾಂಪುಸ್ ತಾನೇ ಬರೆದಿದ್ದ, ಅವನಿಗೆ ಅವಸರವಿತ್ತು. ತೇಪೆಯನ್ನು ಓಸ್ಟೆನ್ ಕ್ರಿಸ್‌ಮಸ್ಸಿನ ಮುಂಚಿನಿಂದ ಕೂತು ಮಾಡಿದ್ದ. ಬೇಸಿಗೆಗೆ ಅವನು ನಿವೃತ್ತನಾಗುತ್ತಾನೆ, ಇದು ಅವನ ಕೊನೆಯ ಕೆಲಸ. ಏಜೆಂಟು ಇದುವರೆಗೆ ತೇಪೆಯನ್ನು ಒಂದು ಸಲವೂ ಮುಟ್ಟಿರಲಿಲ್ಲ. ಯಾರು ಏನು ಕೇಳಿದರೂ ಮರುಬರಹವನ್ನೇ ಎತ್ತಿಕೊಳ್ಳುತ್ತಿತ್ತು.

“ಏನೇ, ನಿಮ್ಮ ಕಂಪನಿಯೋರು ನನ್ನ ಮಾತನ್ನೆಲ್ಲ ಇಸ್ತ್ರಿ ಹೊಡೆದು ಮಡಚಿಟ್ಟಿದಾರಲ್ಲೇ!” ಎಂದು ನಿನ್ನೆ ಸಂಜೆ ಹುಟ್ಟೂರು ಗ್ರಾನ್‌ತ್ರೆಸ್ಕ್‌ನಿಂದ ಅಕ್ಕ ಮಾಯ್‌ಲಿಸ್ ಫೋನು ಮಾಡಿದ್ದಳು. ಆ ಊರಿನ ರೊಟ್ಟಿಮನೆಯ ಉಸ್ತುವಾರಿ ಅವಳದು. ಹಲಗೆಯಷ್ಟು ಅಗಲದ ತೆಳುರೊಟ್ಟಿ ಬೇಯಿಸುವ ಹಳೆಯ ಕಲ್ಲೊಲೆಗೆ ಇಡೀ ಊರು ಸರದಿ ಹಾಕುತ್ತದೆ.

“ಏನಾಯ್ತು ಹೇಳು, ಆಮೇಲೆ ಬೈ.”

“ಗುನ್‌ಬೋರ್ಗ್ ಸರದೀನ ಮಂಗಳವಾರದಿಂದ ಬುಧವಾರಕ್ಕೆ ಹಾಕಪ್ಪಾ ಅಂದೆ. ಅಷ್ಟೇ ಕಣೆ ಅಂದದ್ದು. ಅದು ಇಡೀ ಟಿಪ್ಪಣೀನೇ ಹೊಸದಾಗಿ ಬರ್ಕೊಂಡು ಕೂತಿದೆ. ಒಲೆ ಎಡಗಡೆ ಮೂಲೆ ಕೆಟ್ಟ ಸ್ವಭಾವದ್ದು, ಕಣ್ಣು ತಪ್ಪಿಸಿದ್ರೆ ಕಚ್ಚುತ್ತೆ ಅಂತ ಇತ್ತಲ್ಲ? ಈಗ ಏನಿದೆ ಗೊತ್ತಾ? ಒಲೆಯ ಉಷ್ಣತೆಯ ಹಂಚಿಕೆ ಏಕರೂಪವಾಗಿಲ್ಲ. ಇದನ್ನ ಓದ್ಕೊಂಡು ಯಾರು ರೊಟ್ಟಿ ತಿರುವಿ ಹಾಕ್ತಾರೆ ಹೇಳು!”

“ಏಜೆಂಟು ಮಾಡಿರೋದು ಅದು.”

“ಯಾವ ಏಜೆಂಟು? ವಿಮೆಯವನಾ?” ಎಂದ ಮಾಯ್‌ಲಿಸ್ ದನಿ ತಗ್ಗಿಸಿ, “ಆ ಮಾತು ನಂದಲ್ಲ ಕಣೆ. ಅಮ್ಮ ಹೇಳ್ತಿದ್ದದ್ದು,” ಎಂದಿದ್ದಳು.

ಅದು ಸಿಗ್‌ಬ್ರಿಟ್‌ಗೂ ಗೊತ್ತಿತ್ತು. ಅಮ್ಮನ ಮಾತುಗಳಲ್ಲಿ ಉಳಿದಿರುವುದೇ ಅಷ್ಟು, ಒಂದು ಒಲೆಯ ಮೂಲೆಯ ಬಗ್ಗೆ ಒಂದು ದೂರು. ಅಮ್ಮ ಹೊಗಳಿದ್ದು ಯಾರಿಗೂ ನೆನಪಿಲ್ಲ, ಏಕೆಂದರೆ ಅವಳು ಹೊಗಳುತ್ತಿರಲಿಲ್ಲ. ಬೇರೆಯವರನ್ನು ಹೊಗಳಿದರೆ ಅವರು ಕೆಡುತ್ತಾರೆ, ತನ್ನನ್ನು ಹೊಗಳಿಕೊಂಡರೆ ತಾನು ಕೆಡುತ್ತೇನೆ ಎಂದು ನಂಬಿದವಳು. ಒಲೆ ಮಾತ್ರ ಬೈಸಿಕೊಳ್ಳಲಿಕ್ಕೆ ಇತ್ತು. ಮನೆಯಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಹಾಕಿಡುತ್ತಿದ್ದ ಒಂದು ಬೆಳ್ಳಿ ಬಣ್ಣದ ಡಬ್ಬಿಯಿತ್ತು, ಎರಡು ಕಿವಿಯಿದ್ದದ್ದು. ಸಿಗ್‌ಬ್ರಿಟ್ ಓದು ಕಲಿತ ವರ್ಷ ಕ್ಲಿಪ್ಪುಗಳನ್ನೆಲ್ಲ ಸುರಿದು ಡಬ್ಬಿಯ ಹೊಟ್ಟೆಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿದಳು: ಜಿಲ್ಲಾ ಸ್ಕೀ ಸ್ಪರ್ಧೆ, ಪ್ರಥಮ, ಕೆಳಗೆ ಅಪ್ಪನ ಹೆಸರು. ಓಡಿಹೋಗಿ ಕೇಳಿದರೆ ಅಪ್ಪ ಸೌದೆಯಿಂದ ತಲೆ ಎತ್ತದೆ, “ಆವತ್ತು ಹಿಮ ಚೆನ್ನಾಗಿತ್ತು,” ಎಂದಿದ್ದ. ಅಂಥ ಮನೆಯಲ್ಲಿ ಬೆಳೆದವಳು ಈಗ ತೇಪೆಯ ವಿವರಣೆ ಬರೆದಿದ್ದಾಳೆ, ಹೇಗೆ ಬರೆದಿರಬೇಕು? ಸೇತುವೆಯ ಆಚೆ ತುದಿಯಲ್ಲಿ ಸಂಚಾರದೀಪ ಹಸಿರಾಯಿತು. ಹಿಂದೆ ನಿಂತಿದ್ದ ಸೈಕಲ್ಲಿನವಳು ಗಂಟೆ ಬಾರಿಸದೆ, ಬಾರಿಸಿದರೆ ಇವಳಿಗೆ ಬೇಜಾರಾದೀತೆಂದು ಕಾದು ನಿಂತಿದ್ದಳು.

ಕಚೇರಿಯ ಅಡುಗೆಮನೆಯಲ್ಲಿ ಓಸ್ಟೆನ್ ಕೇಕಿನ ತಟ್ಟೆಯ ಮೇಲಿನ ಹಾಳೆ ತೆಗೆಯುತ್ತಿದ್ದ. ಇವತ್ತು ಕಾಫಿಯ ಜೊತೆಗಿನ ತಿಂಡಿ ತರುವ ಸರದಿ ಅವನದು. ಗಾಡಿ ತುಂಬ ಮರ ಹೇರಿದಂಥ ಹೆಗಲು, ಅದರ ಮೇಲೆ ಸಣ್ಣ ನಾಚಿಕೆಯ ಮುಖ. ಅವನು ಹೌದು ಎನ್ನುವುದು ಈ ಕಡೆಯ ಜನ ಎನ್ನುವ ಹಾಗೆಯೇ, ಬಾಯಿ ತೆರೆದಲ್ಲ, ತುಟಿ ಚೂಪು ಮಾಡಿ ಉಸಿರನ್ನು ಸುಯ್ ಎಂದು ಒಳಗೆಳೆದುಕೊಂಡು. ರಾಜಧಾನಿ ಸ್ಟಾಕ್‌ಹೋಮಿನಿಂದ ಬಂದ ಹೊಸದರಲ್ಲಿ ಹಾಂಪುಸ್ ಇವನಿಗೆ ಎದೆನೋವು ಎಂದುಕೊಂಡು ಕುರ್ಚಿ ಎಳೆದು ಕೊಟ್ಟಿದ್ದ. ಈಗಲೂ ಒಮ್ಮೊಮ್ಮೆ, “ಓಸ್ಟೆನ್, ಹುಷಾರಾಗಿದೀಯ ತಾನೆ?” ಎಂದು ಕೇಳುವುದುಂಟು.

“ಸೀದುಹೋಗಿದೆ,” ಎಂದು ಓಸ್ಟೆನ್ ಕೇಕನ್ನು ತೋರಿಸಿದ. “ತಿನ್ನೋ ಹಾಗಿಲ್ಲ.”

ಕೇಕು ಕಪ್ಪಗೆ, ಒದ್ದೆಯಾಗಿ ಹೊಳೆಯುತ್ತಿತ್ತು, ಇಡೀ ಮಹಡಿ ಚಾಕೊಲೆಟ್ಟಿನ ವಾಸನೆಯಲ್ಲಿ ತೇಲುತ್ತಿತ್ತು. ಎಲ್ಲರೂ ಸೀದುಹೋದದ್ದನ್ನು ಎರಡೆರಡು ಸಲ ಹಾಕಿಸಿಕೊಂಡರು. ಸಿಗ್‌ಬ್ರಿಟ್ ಓಸ್ಟೆನ್‌ನ ಮುಖ ನೋಡಲಾರದೆ ತಟ್ಟೆ ನೋಡಿದಳು. ಮಧ್ಯಾಹ್ನದ ವಿಷಯ ಅವನಿಗೆ ಗೊತ್ತು. ಅದರ ಬಗ್ಗೆ ಅವನೇನೂ ಅಂದಿಲ್ಲ. ಮೊನ್ನೆ ಒಮ್ಮೆ ಮಾತ್ರ, ಅದೂ ಕಿಟಕಿಗೆ ಹೇಳುವವನಂತೆ, “ಚೆನ್ನಾಗಿ ಕೆಲಸ ಮಾಡುತ್ತೆ ಅಂತ ಕಾಣುತ್ತೆ ಅದು. ಉಪಯೋಗಿಸಿದ್ರೆ,” ಎಂದಿದ್ದ. ಓಸ್ಟೆನ್ ಬಾಯಿಂದ ಅಂಥ ಮಾತು ಬಂದಿತೆಂದರೆ ಬೇರೆ ಯಾರಾದರೂ ಮೇಜು ಗುದ್ದಿ ಕೂಗಿದ ಹಾಗೆ. ಅವಳು ಅದನ್ನು ಕೇಳಿಸಿಕೊಂಡೂ ಕೇಳಿಸದವಳಂತೆ ಕಾಫಿಗೆ ಹಾಲು ಹಾಕಿಕೊಂಡಿದ್ದಳು. ಆ ಹಾಲಿನ ನೆನಪಿಗೆ ಈಗ ಅವಳ ಕಿವಿ ಬಿಸಿಯಾಯಿತು.

ತನ್ನ ಮೇಜಿಗೆ ಹೋಗಿ, ಕೋಟನ್ನೂ ಬಿಚ್ಚದೆ, ಅವಳು ಏಜೆಂಟನ್ನು ನೇರವಾಗಿ ಕೇಳಿದಳು. ಇಷ್ಟು ದಿನ ಕೇಳದೆ ಇದ್ದದ್ದೂ ಹೆದರಿಕೆಯಿಂದಲೇ. ರೊಟ್ಟಿಮನೆಯ ಟಿಪ್ಪಣಿಯಲ್ಲಿ ಒಂದು ದಿನದ ಹೆಸರು ಮಾತ್ರ ಬದಲಿಸಬೇಕಿತ್ತು, ನೀನು ತೇಪೆಯನ್ನು ಯಾಕೆ ಬಳಸಲಿಲ್ಲ? ಉತ್ತರ ತಕ್ಷಣ ಬಂತು, ಕೋಪವಿಲ್ಲದೆ, ಮುಜುಗರವಿಲ್ಲದೆ. “ತೇಪೆಯ ವಿವರಣೆಯಲ್ಲಿ ಹೀಗಿದೆ: ಬೇರೇನೂ ಸಿಗದಿದ್ದರೆ, ಟಿಪ್ಪಣಿಯ ಒಂದು ಜಾಗವನ್ನು ಬದಲಿಸಲು ಇದು ಬಹುಶಃ ಸ್ವಲ್ಪ ಉಪಯೋಗಕ್ಕೆ ಬಂದೀತು. ಮರುಬರಹದ ವಿವರಣೆಯಲ್ಲಿ ಹೀಗಿದೆ: ಯಾವ ಬದಲಾವಣೆಗಾದರೂ ಶಕ್ತಿಯುತ, ವೇಗದ, ನಂಬಿಕಸ್ಥ ಉಪಕರಣ. ಬೇರೊಂದು ಸಿಕ್ಕಿದ್ದರಿಂದ ತೇಪೆಯನ್ನು ಬಳಸಲಿಲ್ಲ.”

ಸಿಗ್‌ಬ್ರಿಟ್ ಕುರ್ಚಿಯಲ್ಲಿ ಕುಸಿದು ಕೂತಳು. ಓದಿದೆ. ಒಂದಕ್ಷರ ಬಿಡದೆ ಓದಿದೆ. ಜಗತ್ತಿನಲ್ಲಿ ಮೊದಲ ಸಲ ಒಬ್ಬರು ಅವಳು ಬರೆದದ್ದನ್ನು ಕೊನೆಯವರೆಗೆ ಓದಿ, ಓದಿದ್ದನ್ನು ನಂಬಿಬಿಟ್ಟಿದ್ದಾರೆ! ನಾಚಿಕೆಯೂ ಸಂತೋಷವೂ ಎಷ್ಟು ಒಟ್ಟಿಗೆ ನುಗ್ಗಿ ಬಂದವೆಂದರೆ ಯಾವುದು ಯಾವುದೆಂದು ಬಿಡಿಸಿ ನೋಡಲು ಆಗಲಿಲ್ಲ. ಬಹುಶಃ, ಸ್ವಲ್ಪ, ಬಂದೀತು, ಇವನ್ನು ಅವಳು ಬರೆದೆನೆಂದೇ ನೆನಪಿರಲಿಲ್ಲ. ಕೈ ತಾನಾಗಿ ಬರೆದಿತ್ತು. ಗ್ರಾನ್‌ತ್ರೆಸ್ಕ್‌ನಲ್ಲಿ ಅತಿಥಿ ಬಂದರೆ ಅಮ್ಮ ಮೇಜಿನ ತುಂಬ ಬಿಸ್ಕತ್ತು, ಬನ್ನು, ಕೇಕು, ಚೀಸು ಹರಡಿ, “ಕೊಡೋದಕ್ಕೆ ಏನೂ ಇಲ್ಲ, ಚೂರುಪಾರು,” ಎನ್ನುತ್ತಿದ್ದಳು. ಅತಿಥಿ ಬೇಡ ಬೇಡ ಎನ್ನುತ್ತಿದ್ದ. ಅಮ್ಮ ಇನ್ನೊಮ್ಮೆ ಕರೆಯುತ್ತಿದ್ದಳು. ಅವನು ಇನ್ನೊಮ್ಮೆ ಬೇಡವೆನ್ನುತ್ತಿದ್ದ. ಮೂರನೆಯ ಕರೆಗೆ, ಬಲವಂತಕ್ಕೆ ಸೋತವನಂತೆ ನಿಟ್ಟುಸಿರಿಟ್ಟು ಕುರ್ಚಿ ಎಳೆದುಕೊಳ್ಳುತ್ತಿದ್ದ, ಆಮೇಲೆ ಅವನನ್ನು ಎಬ್ಬಿಸುವುದೇ ಕಷ್ಟ. ಬೇಡ ಎಂದ ಮೊದಲ ಮಾತನ್ನು ಯಾರೂ ನಂಬುವುದಿಲ್ಲ, ನಂಬುವುದು ಮರ್ಯಾದೆಯೂ ಅಲ್ಲ. ಹಾಂಪುಸ್ ಒಬ್ಬ ನಂಬಿದ್ದ. ಬಂದ ಮೊದಲ ಚಳಿಗಾಲ, ಹಿಮಗಾಳಿಯ ಸಂಜೆ, ಕಾರಿನ ಗಾಜಿಳಿಸಿ “ಮನೆಗೆ ಬಿಡಲಾ?” ಎಂದ. “ಅಯ್ಯೋ, ಬೇಡಪ್ಪ, ನಡೆದರೆ ಒಳ್ಳೇದು,” ಎಂದಳು ಸಿಗ್‌ಬ್ರಿಟ್. “ಸರಿ ಹಾಗಾದ್ರೆ!” ಎಂದು ಅವನು ಹೊರಟೇಹೋದ. ಕಾರಿನ ಹಿಂದಿನ ಕೆಂಪು ದೀಪಗಳನ್ನು ಅವಳು ಬಾಯಿ ಬಿಟ್ಟುಕೊಂಡು ನೋಡಿದ್ದಳು, ಬಾಯೊಳಗೆ ಹಿಮ ಬಿದ್ದಿತ್ತು. ಈಗ ತೇಪೆಯನ್ನೂ ಅವಳು ಹಾಗೆಯೇ ರಸ್ತೆಯ ಬದಿಗೆ ನಿಲ್ಲಿಸಿ ಬಂದಿದ್ದಳು. ಬೇಡಪ್ಪ, ನನ್ನಿಂದೇನಾಗುತ್ತೆ ಎಂದು ಅದರ ಬಾಯಲ್ಲಿ ಹೇಳಿಸಿದ್ದಳು. ಎರಡನೆಯ ಸಲ ಕರೆಯಬೇಕೆಂದು ಯಂತ್ರಕ್ಕೆ ಹೇಳಿಕೊಟ್ಟವರು ಯಾರು? ಓಸ್ಟೆನ್‌ನ ಚಳಿಗಾಲದ ಕೆಲಸವೆಲ್ಲ ಅವಳ ಒಂದು ಸಾಲಿನ ವಿನಯಕ್ಕೆ ಬಲಿಯಾಗಿತ್ತು. ಅಪರಾಧಿ ತಾನೇ ಎಂದು ಖಚಿತವಾದದ್ದೇ ತಡ, ಏನೋ ಹಗುರ ಹಗುರ ಅನ್ನಿಸತೊಡಗಿತು. ತಪ್ಪು ತನ್ನದಾದರೆ ತಿದ್ದುವುದೂ ತನ್ನ ಕೈಯಲ್ಲೇ ಇದೆಯಲ್ಲ.

ಗುರುವಾರದ ವಾಡಿಕೆಯ ಬಟಾಣಿ ಸೂಪು, ಪ್ಯಾನ್‌ಕೇಕು ಮುಗಿಸಿ ಅವಳು ಲ್ಯಾಪ್‌ಟಾಪು ಎತ್ತಿಕೊಂಡು ಕಟ್ಟಡದ ತೆಂಕಣ ಗೋಡೆಯ ಹತ್ತಿರ ಹೋದಳು. ಅಲ್ಲಿ ಹಿಮ ಕರಗಿ ಒಂದು ಬೆಂಚಿನಷ್ಟು ನೆಲ ಬಿಟ್ಟಿತ್ತು, ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಲೆಕ್ಕಪತ್ರ ವಿಭಾಗದ ಇಬ್ಬರು ಕಣ್ಣು ಮುಚ್ಚಿ ಸೂರ್ಯನ ಕಡೆ ಮುಖ ಮಾಡಿ ಕೂತಿದ್ದರು. ಸಿಗ್‌ಬ್ರಿಟ್ ತೇಪೆಯ ವಿವರಣೆ ತೆರೆದು, ಹಳೆಯದನ್ನು ಅಳಿಸಿ, ಬೆರಳನ್ನು ಗಾಳಿಯಲ್ಲಿ ನಿಲ್ಲಿಸಿಕೊಂಡು ಸ್ವಲ್ಪ ಹೊತ್ತು ಕೂತಳು. ಹೊಗಳಬೇಕು. ಹೊಗಳುವುದು ಹೇಗೆ? ಕೊನೆಗೆ, ತಣ್ಣೀರಿಗೆ ಹಾರುವವಳಂತೆ, ಬರೆದಳು: ಟಿಪ್ಪಣಿ ತಿದ್ದುವುದಕ್ಕೆ ತೇಪೆಗಿಂತ ಒಳ್ಳೆಯ ಉಪಕರಣ ಇಲ್ಲ. ಆಚೀಚೆ ನೋಡಿದಳು. ಯಾರೂ ಎದ್ದು ಹೋಗಲಿಲ್ಲ. ಅಮ್ಮ ಆಕಾಶದಿಂದ ಒಲೆಗೋಲು ಎಸೆಯಲಿಲ್ಲ. ಇನ್ನೊಂದು ಸಾಲು ಬರೆದಳು: ಮೊದಲು ಇದನ್ನೇ ಎತ್ತಿಕೋ, ಅನುಮಾನ ಬಂದರೆ ಇದನ್ನೇ ಎತ್ತಿಕೋ, ಅನುಮಾನ ಬರದಿದ್ದರೂ ಇದನ್ನೇ ಎತ್ತಿಕೋ. ಮೈಯೆಲ್ಲ ಬೆಚ್ಚಗಾಯಿತು. ಹೊಗಳಿಕೆ ಇಷ್ಟು ರುಚಿಯಾಗಿರುತ್ತದೆಂದು ಯಾರೂ ಹೇಳಿರಲಿಲ್ಲ, ಇಷ್ಟು ವರ್ಷ ಇದನ್ನೆಲ್ಲ ಸ್ಟಾಕ್‌ಹೋಮಿನವರೇ ತಿಂದುಕೊಂಡು ಕೂತಿದ್ದರು. ಬೆರಳುಗಳು ಓಡತೊಡಗಿದವು. ತೇಪೆಯ ಮುಂದೆ ಮರುಬರಹ ಎಂದರೆ ಮನೆಯ ಒಂದು ಕಿಟಕಿ ಒರೆಸಲು ಮನೆಯನ್ನೇ ಕೆಡವಿ ಕಟ್ಟಿದ ಹಾಗೆ. ಇದನ್ನು ಮಾಡಿದವನು ಓಸ್ಟೆನ್ ಬ್ರೆನ್‌ಸ್ಟ್ರೋಮ್, ಅವನ ಕೈಯಿಂದ ಇದುವರೆಗೆ ಕೆಟ್ಟದ್ದೊಂದೂ ಹೊರಬಂದಿಲ್ಲ, ಅವನ ಕೇಕೂ ಸೀಯುವುದಿಲ್ಲ. ಇಷ್ಟಾಗುವಾಗ ಅವಳು ಗಟ್ಟಿಯಾಗಿ ನಗುತ್ತಿದ್ದಳು. ಲೆಕ್ಕಪತ್ರದವರು ಒಂದೊಂದೇ ಕಣ್ಣು ತೆರೆದು, ನೋಡಿದ್ದಕ್ಕೆ ತಮಗೇ ಸಂಕೋಚವಾಗಿ ಮುಚ್ಚಿಕೊಂಡರು. ಅಪ್ಪ ಆ ಡಬ್ಬಿಯನ್ನು ತಲೆಯ ಮೇಲೆ ಎತ್ತಿ ಹಿಡಿದ ಒಂದು ಗಳಿಗೆ ಇದ್ದಿರಬೇಕಲ್ಲ, ಜನ ಚಪ್ಪಾಳೆ ಹೊಡೆದಿರಬೇಕಲ್ಲ, ಆಗ ಅವನ ಮುಖ ಹೇಗಿತ್ತು? ಹಿಮ ಚೆನ್ನಾಗಿತ್ತಂತೆ. ಹಿಮ ಎಲ್ಲರಿಗೂ ಒಂದೇ ಅಲ್ಲವೇ ಅಪ್ಪ, ಎಂದು ಅವಳು ಈಗ, ಬೆಂಚಿನ ಮೇಲೆ, ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದಳು.

ಓಸ್ಟೆನ್‌ನ ಮೇಜಿಗೆ ಅವಳು ಹೆಚ್ಚುಕಡಿಮೆ ಓಡುತ್ತ ಹೋದಳು. “ತಪ್ಪು ನಂದೇ. ನಾನು ಬರೆದದ್ದೇ ಹಾಗಿತ್ತು. ಬದಲಾಯಿಸಿದೀನಿ, ಪರೀಕ್ಷೆ ಮಾಡೋಣ ಬಾ,” ಎಂದಳು ಏದುಸಿರು ಬಿಡುತ್ತ. ಓಸ್ಟೆನ್ ಪರದೆಯ ಮೇಲಿನ ವಿವರಣೆಯ ಮೇಲೆ ಕಣ್ಣಾಡಿಸಿದ. ಕತ್ತಿನಿಂದ ಶುರುವಾದ ಕೆಂಪು ನಿಧಾನವಾಗಿ ಮೇಲೇರಿ ಬೋಳುತಲೆಯವರೆಗೆ ಹೋಯಿತು.

“ನನ್ನ ಹೆಸರು ತೆಗಿ,” ಎಂದ.

“ಆಮೇಲೆ ತೆಗೀತೀನಿ.”

“ಕೇಕಿಂದೂ.”

ಪರೀಕ್ಷೆಯ ಪ್ರತಿಯಲ್ಲಿ ಏಜೆಂಟಿಗೆ ಕೆಲಸ ಕೊಟ್ಟರು. ಬೇಸಿಗೆಯ ಜಾತ್ರೆಯೂಟಕ್ಕೆ ಏನೇನು ಬೇಕೆಂದು ಒಂದು ಹೊಸ ಟಿಪ್ಪಣಿ ಬರೆ ಎಂದರು. ಅದು ಹೊಸ ಟಿಪ್ಪಣಿ ಶುರು ಮಾಡುವ ಉಪಕರಣವನ್ನು ಕಣ್ಣೆತ್ತಿಯೂ ನೋಡಲಿಲ್ಲ. ತೇಪೆ ಹಿಡಿದು ಹೊರಟಿತು. ತೇಪೆ ಹಾಕಬೇಕಾದರೆ ಬಟ್ಟೆ ಬೇಕಲ್ಲ, ಅಂತ ಹುಡುಕಿಕೊಂಡು ಹೋಗಿ ರೊಟ್ಟಿಮನೆಯ ಟಿಪ್ಪಣಿಯೊಳಗೆ ನುಗ್ಗಿತು. ಒಲೆಯ ಬೂದಿ ತೆಗೆಯುವುದು ಹೇಗೆ ಎಂಬ ಸಾಲಿಗೆ ಆಲೂಗಡ್ಡೆ, ಉಪ್ಪು ಹಚ್ಚಿದ ಹೆರಿಂಗ್ ಮೀನು, ಸ್ಟ್ರಾಬೆರಿ ಎಂದು ತೇಪೆ ಹಚ್ಚಿತು. ಇದನ್ನು ಪೂರ್ತಿ ಅಳಿಸಿ ಹೊಸದಾಗಿ ಬರೆ ಎಂದರೆ ಒಂದೊಂದೇ ಪದವನ್ನು ಹೆಕ್ಕಿ ಬದಲಿಸುತ್ತ, ಪ್ರತಿ ಪದಕ್ಕೂ “ತೇಪೆಯಿಂದ ಯಶಸ್ವಿಯಾಗಿ ಬದಲಿಸಲಾಗಿದೆ” ಎಂದು ವರದಿ ಒಪ್ಪಿಸುತ್ತ ಕೂತಿತು. ಸಿಗ್‌ಬ್ರಿಟ್ ಗಾಬರಿಯಿಂದ ಓಸ್ಟೆನ್ ಕಡೆ ತಿರುಗಿದಳು. ಅವನ ಹೆಗಲು ಅಲುಗುತ್ತಿತ್ತು. ಅವನು ನಗುತ್ತಿದ್ದ, ಶಬ್ದ ಬರುವಂತೆ. ಇಷ್ಟು ವರ್ಷದಲ್ಲಿ ಅವನ ನಗುವನ್ನು ಅವಳು ಕೇಳಿದ್ದೇ ಇಲ್ಲ, ಅದು ಅವನ ಗಾತ್ರಕ್ಕೆ ಹೊಂದದ ಸಣ್ಣ ಕೀಚಲು ನಗೆ.

“ಇದು ಹಾಂಪುಸ್ ಥರ ಆಯ್ತಲ್ಲ!” ಎಂದ ಓಸ್ಟೆನ್, ಕಣ್ಣೊರೆಸಿಕೊಂಡು.

“ಸುಮ್ನಿರೋ, ಕೇಳಿಸುತ್ತೆ.” ಅವಳಿಗೂ ನಗು ತಡೆಯಲಾಗಲಿಲ್ಲ. “ಈಗೇನ್ ಮಾಡೋಣ? ಮೀಟಿಂಗಿಗೆ ಹೊತ್ತಾಯ್ತು.”

ಓಸ್ಟೆನ್ ನಗು ನಿಲ್ಲಿಸಿ, ಕನ್ನಡಕ ತೆಗೆದು, ಅಂಗಿಯಂಚಿಗೆ ಒರೆಸಿ, ಮತ್ತೆ ಹಾಕಿಕೊಂಡ. “ಅದು ಏನ್ ಮಾಡುತ್ತೋ ಅಷ್ಟು ಬರಿ. ಜಾಸ್ತೀನೂ ಬೇಡ, ಕಮ್ಮೀನೂ ಬೇಡ,” ಎಂದ. ಆಮೇಲೆ, ಅದೂ ಹೆಚ್ಚಾಯಿತೇನೋ ಎಂಬಂತೆ, “ನಂಗೇನ್ ಗೊತ್ತು, ಬರೆಯೋಳು ನೀನು,” ಎಂದು ಸೇರಿಸಿದ.

ಹೊಗಳುವುದು ಸುಲಭವಿತ್ತು. ಹಳಿದುಕೊಳ್ಳುವುದು ಹುಟ್ಟಿನಿಂದ ಬಂದಿತ್ತು. ಇದ್ದದ್ದನ್ನು ಇದ್ದಷ್ಟೇ ಹೇಳುವುದು ಎಷ್ಟು ಕಷ್ಟವೆಂದು ಸಿಗ್‌ಬ್ರಿಟ್‌ಗೆ ಗೊತ್ತಾದದ್ದು ಆ ಸ್ವಲ್ಪ ಹೊತ್ತಿನಲ್ಲಿ, ಓಸ್ಟೆನ್‌ನ ಮೇಜಿನ ಅಂಚಿನಲ್ಲಿ ಒಂದು ತೊಡೆ ಊರಿ ಕೂತು ಬರೆದಾಗ. ಟಿಪ್ಪಣಿಯ ಒಂದು ಜಾಗ ಮಾತ್ರ ಬದಲಾಗಬೇಕಾದಾಗ ತೇಪೆಯನ್ನು ಬಳಸು. ‘ಸಾಮಾನ್ಯವಾಗಿ’ ಎಂದು ಕೈ ತಾನೇ ಸೇರಿಸಿತು, ಅಳಿಸಿದಳು. ಉಳಿದ ಮಾತುಗಳನ್ನು ಇದು ಮುಟ್ಟುವುದಿಲ್ಲ. ‘ಬಹುಶಃ’ ಬಂದು ಬಾಗಿಲಲ್ಲಿ ನಿಂತಿತು, ಒಳಗೆ ಬಿಡಲಿಲ್ಲ. ಬರೆದವರ ಮಾತು ಹಾಗೇ ಉಳಿಯುತ್ತದೆ. ಇದನ್ನು ಬರೆದಾಗ ಎದೆ ಹೊಡೆದುಕೊಂಡಿತು, ಏಕೆಂದರೆ ಇದು ನಿಜವಾಗಿತ್ತು, ಇದರಲ್ಲಿ ಅಡಗಿಕೊಳ್ಳಲು ಜಾಗವಿರಲಿಲ್ಲ. ಮೊದಲು ಟಿಪ್ಪಣಿಯನ್ನು ಓದು. ಬದಲಿಸಬೇಕಾದ ಮಾತನ್ನು ಅಲ್ಲಿರುವ ಹಾಗೆಯೇ ಕೊಡು. ಹೊಸ ಟಿಪ್ಪಣಿಗೆ ಇದು ಆಗುವುದಿಲ್ಲ, ಇಡೀ ಟಿಪ್ಪಣಿ ಬದಲಾಗಬೇಕಿದ್ದರೆ ಮರುಬರಹ ಬಳಸು. ಇನ್ನೊಂದು ಉಳಿದಿತ್ತು. ಕೊಟ್ಟ ಮಾತು ಟಿಪ್ಪಣಿಯಲ್ಲಿ ಎರಡು ಕಡೆ ಇದ್ದರೆ ಯಾವುದನ್ನು ಬದಲಿಸಬೇಕೆಂದು ತಿಳಿಯದೆ ತೇಪೆ ಆಗುವುದಿಲ್ಲ ಎಂದುಬಿಡುತ್ತದೆ, ಓಸ್ಟೆನ್ ಅದನ್ನು ಹಾಗೆ ಮಾಡಿದ್ದ. ಆಗುವುದಿಲ್ಲ ಎಂದ ಮೊದಲ ಮಾತಿಗೇ ಏಜೆಂಟು ಕಾರು ಹತ್ತಿ ಹೊರಟುಹೋಗುತ್ತದಲ್ಲ. ಸಿಗ್‌ಬ್ರಿಟ್ ಒಂದು ಕ್ಷಣ ಯೋಚಿಸಿ ಬರೆದಳು: ಒಮ್ಮೆ ಆಗುವುದಿಲ್ಲ ಎಂದರೆ ಬಿಟ್ಟುಹೋಗಬೇಡ, ಅಕ್ಕಪಕ್ಕದ ಮಾತನ್ನೂ ಸೇರಿಸಿಕೊಂಡು ಇನ್ನೊಮ್ಮೆ ಕೇಳು. ಬರೆದದ್ದನ್ನು ಓದಿಕೊಂಡಳು. ಗ್ರಾನ್‌ತ್ರೆಸ್ಕ್‌ನಲ್ಲಿ ಯಾರೂ ಯಾರಿಗೂ ಬಾಯಿಬಿಟ್ಟು ಹೇಳಿಕೊಡದ ಪಾಠ ಅದು, ಪರದೆಯ ಮೇಲೆ ಎಲ್ಲರಿಗೂ ಕಾಣುವಂತೆ ಕೂತಿತ್ತು.

ಮೀಟಿಂಗಿನ ಕೋಣೆಗೆ ಯಾರೋ ಕೇಕಿನ ತಟ್ಟೆಯನ್ನೂ ತಂದಿಟ್ಟಿದ್ದರು. ಅದರಲ್ಲಿ ಉಳಿದದ್ದು ಕೊನೆಯ ತುಂಡು. ಕೊನೆಯ ತುಂಡನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಬೆಳಿಗ್ಗೆಯಿಂದ ಆ ದಾರಿಯಲ್ಲಿ ಹೋದವರೆಲ್ಲ ಅದರಲ್ಲಿ ಅರ್ಧ ಕೊಯ್ದು, ಅರ್ಧವನ್ನು ಇನ್ನೊಬ್ಬರಿಗೆಂದು ಬಿಟ್ಟಿದ್ದರು. ಅರ್ಧದ ಅರ್ಧದ ಅರ್ಧವಾಗಿ ಈಗ ಅದು ಬೆರಳಿನಷ್ಟು ಅಗಲವಾಗಿ ನಿಂತಿತ್ತು, ಇನ್ನೂ ಕೊಯ್ಯಲು ಬರುವಂತಿತ್ತು.

“ನಂಗೂ ಬೇಜಾರೇ, ಓಸ್ಟೆನ್,” ಎಂದು ಹಾಂಪುಸ್ ಶುರು ಮಾಡಿದ. ಒಳ್ಳೆಯವನು, ಬೇಜಾರಾಗಿರುವುದೂ ನಿಜವೇ. “ಆದರೆ ಉಪಯೋಗಿಸದೆ ಇರೋದನ್ನ ಇಟ್ಕೊಂಡು ಏನ್ ಮಾಡೋದು? ಇದ್ದಷ್ಟೂ ಗೊಂದಲ. ನೀನು ಏನಾದರೂ ಹೇಳೋದಿದೆಯಾ?”

ಓಸ್ಟೆನ್ ತಟ್ಟೆ ನೋಡುತ್ತಿದ್ದ. ಸಿಗ್‌ಬ್ರಿಟ್ ಎದ್ದು ನಿಂತಳು. ಎದ್ದ ಮೇಲೆ, ಏಳಬೇಕಾಗಿರಲಿಲ್ಲ ಎನ್ನಿಸಿತು. “ವಿವರಣೆ ಬದಲಾಗಿದೆ. ಇನ್ನೊಂದ್ಸಲ ಕೇಳಿ ನೋಡೋಣ,” ಎಂದಳು.

ಅವಳು ರೊಟ್ಟಿಮನೆಯ ಟಿಪ್ಪಣಿಯ ಹಳೆಯ ಪ್ರತಿಯನ್ನು ಮತ್ತೆ ತಂದು ಗೋಡೆಯ ಪರದೆಯ ಮೇಲೆ ಹಾಕಿ ಕೂತಳು. ಹಾಂಪುಸ್ ಮಾಯ್‌ಲಿಸ್ ಕೇಳಿದ್ದನ್ನೇ ಕೇಳಿದ: ಗುನ್‌ಬೋರ್ಗ್ ಸರದಿಯನ್ನು ಮಂಗಳವಾರದಿಂದ ಬುಧವಾರಕ್ಕೆ ಹಾಕು. ಏಜೆಂಟು ಟಿಪ್ಪಣಿ ಓದಿತು. ತೇಪೆಯನ್ನು ಎತ್ತಿಕೊಂಡಿತು. ಯಾರೋ ಕುರ್ಚಿ ಕಿರುಗುಟ್ಟಿಸಿದರು. ‘ಮಂಗಳವಾರ’ ಎಂಬ ಮಾತನ್ನು ಕೊಟ್ಟಿತು. ತೇಪೆ, ಆಗುವುದಿಲ್ಲ, ಈ ಮಾತು ಎರಡು ಕಡೆ ಇದೆ, ಎಂದಿತು. ನಿಜ, ಮಂಗಳವಾರ ಬೂದಿ ಎತ್ತುವ ದಿನವೂ ಹೌದು ಎಂದು ಅಕ್ಕ ಕೆಳಗೆ ಬರೆದಿದ್ದಳು. “ನೋಡಿದ್ರಾ,” ಎಂದು ಹಾಂಪುಸ್ ಮೆಲ್ಲಗೆ ಅಂದ. ಸಿಗ್‌ಬ್ರಿಟ್‌ಗೆ ಕಾರಿನ ಕೆಂಪು ದೀಪಗಳು ಕಂಡವು. ಈಗ ಅದು ಮರುಬರಹದ ಕಡೆ ತಿರುಗುತ್ತದೆ, ಎಲ್ಲ ಇಸ್ತ್ರಿಯಾಗುತ್ತದೆ, ಓಸ್ಟೆನ್ ಬೇಸಿಗೆಗೆ ಏನೂ ಅನ್ನದೆ ತನ್ನ ಲೋಟ ತೊಳೆದುಕೊಂಡು ಮನೆಗೆ ಹೋಗುತ್ತಾನೆ. ಅವಳು ಮೇಜಿನ ಕೆಳಗೆ ಎರಡು ಕೈಯನ್ನೂ ಹಿಸುಕಿಕೊಂಡಳು. ಕೇಳು, ಇನ್ನೊಮ್ಮೆ ಕೇಳು, ಬಲವಂತ ಮಾಡು! ಪರದೆಯ ಮೇಲೆ ಹೊಸ ಸಾಲು ಮೂಡಿತು. ಏಜೆಂಟು ತೇಪೆಯನ್ನೇ ಮತ್ತೆ ಕರೆದಿತ್ತು, ಈ ಸಲ ‘ಗುನ್‌ಬೋರ್ಗ್, ಮಂಗಳವಾರ, ಸೌದೆ ತಾನೇ ತರಬೇಕು’ ಎಂದು ಅಕ್ಕಪಕ್ಕದ ಮಾತನ್ನೆಲ್ಲ ಸೇರಿಸಿಕೊಂಡು. ತೇಪೆ ಒಪ್ಪಿಕೊಂಡಿತು. ಒಂದೇ ಒಂದು ಪದ ಬದಲಾಯಿತು. ಬುಧವಾರ ಬಂತು. ಅದರ ಕೆಳಗೆ ಒಲೆಯ ಎಡಮೂಲೆ ಕೆಟ್ಟ ಸ್ವಭಾವ ಇಟ್ಟುಕೊಂಡು, ಕಣ್ಣು ತಪ್ಪಿಸಿದರೆ ಕಚ್ಚಲು ಸಿದ್ಧವಾಗಿ, ಇದ್ದ ಹಾಗೆಯೇ ಇತ್ತು.

ಹಾಂಪುಸ್ ಪರದೆಯ ಹತ್ತಿರ ಹೋಗಿ ಹೊಸ ವಿವರಣೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ತುಟಿ ಅಲುಗಿಸಿಕೊಂಡು, ನಿಧಾನವಾಗಿ, ಒಂದಕ್ಷರ ಬಿಡದೆ ಓದಿದ. ಒಬ್ಬ ಮನುಷ್ಯ ತನ್ನ ಬರಹವನ್ನು ಕೊನೆಯವರೆಗೆ ಓದುವುದನ್ನು ಸಿಗ್‌ಬ್ರಿಟ್ ಜೀವನದಲ್ಲಿ ಮೊದಲ ಸಲ ನೋಡುತ್ತಿದ್ದಳು, ಎಲ್ಲಿ ನೋಡುವುದೆಂದು ತಿಳಿಯದೆ ಕಿಟಕಿಯ ಹೊರಗಿನ ಬಿಸಿಲನ್ನು ನೋಡಿದಳು.

“ಇರಲಿ ಬಿಡಿ, ತೇಪೆ ಇರಲಿ,” ಎಂದ ಹಾಂಪುಸ್. “ಇದು ತುಂಬ ಚೆನ್ನಾಗಿದೆ. ಯಾರು ಬರೆದದ್ದು?”

ಬಾಯಿಯಲ್ಲಿ ಉತ್ತರಗಳು ಸಾಲುಗಟ್ಟಿ ನಿಂತಿದ್ದವು, ಎಲ್ಲವೂ ಬಳಸಿ ಬಳಸಿ ನುಣುಪಾದವು. ಎಲ್ಲ ಓಸ್ಟೆನ್‌ದೇ. ಏನಿಲ್ಲ, ಎರಡು ಸಾಲು. ಇವತ್ತು ಬಿಸಿಲು ಚೆನ್ನಾಗಿತ್ತು. ಸಿಗ್‌ಬ್ರಿಟ್ ಅವುಗಳನ್ನೆಲ್ಲ ಹಾಗೇ ನುಂಗಿದಳು.

“ನಾನು ಬರೆದೆ,” ಎಂದಳು. “ಚೆನ್ನಾಗಿದೆ.”

ಕಿವಿ ಸುಟ್ಟಿತು, ಆದರೆ ಮಾತು ಹೊರಗೆ ಬಂದಾಗಿತ್ತು. ಯಾರೂ ಸಾಯಲಿಲ್ಲ. ಓಸ್ಟೆನ್ ಅವಳನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ತನ್ನ ದೊಡ್ಡ ಕೈ ಚಾಚಿ, ಕೇಕಿನ ತಟ್ಟೆಯನ್ನು ಮೇಜಿನ ಮೇಲೆ ಜಾರಿಸಿ ಅವಳ ಮುಂದೆ ತಂದು ನಿಲ್ಲಿಸಿದ.

“ತಗೋ,” ಎಂದ.

ಕೋಣೆಯವರೆಲ್ಲ ಅವಳ ‘ಬೇಡ’ಕ್ಕಾಗಿ ಕಾದರು. ಚಾಕು ಪಕ್ಕದಲ್ಲೇ ಇತ್ತು. ಸಿಗ್‌ಬ್ರಿಟ್ ಅವನ ಮೊದಲ ಮಾತನ್ನೇ ನಂಬಿ, ಬೆರಳಲ್ಲೇ ಆ ಕೊನೆಯ ತುಂಡನ್ನು ಪೂರ್ತಿ ಎತ್ತಿ ಬಾಯಿಗೆ ಹಾಕಿಕೊಂಡಳು. ಲೆಕ್ಕಪತ್ರದವಳೊಬ್ಬಳು ಹಾ ಎಂದು ಬಾಯಿ ಬಿಟ್ಟಳು.

“ಸೀದಿಲ್ಲ, ಅಲ್ವಾ ಓಸ್ಟೆನ್?” ಎಂದಳು ಸಿಗ್‌ಬ್ರಿಟ್, ಬಾಯಿ ತುಂಬ ಕೇಕಿಟ್ಟುಕೊಂಡು.

ಓಸ್ಟೆನ್ ತುಟಿ ಚೂಪು ಮಾಡಿ, ಎದೆ ತುಂಬ, ಇಡೀ ಕೋಣೆಗೆ ಕೇಳಿಸುವಂತೆ, ಸುಯ್ ಎಂದು ಉಸಿರು ಒಳಗೆಳೆದುಕೊಂಡ. ಹಾಂಪುಸ್ ಕುರ್ಚಿ ಎಳೆಯಲು ಹೋಗಲಿಲ್ಲ.